ಶಾಸನ ಸಂಪುಟ ಮೊಬೈಲ್‌ನಲ್ಲಿದೆ, ಕಲ್ಲು ಮಾತ್ರ ಊರಿನಲ್ಲಿ ಕಾಣುತ್ತಿಲ್ಲ. ಹುಡುಕುವುದು ಹೇಗೆ?

ಕಲ್ಪತರುನಾಡು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟ, ಅಂದರೆ 1904ರಲ್ಲಿ ಬಂದ ತುಮಕೂರು ಜಿಲ್ಲೆಯ ಸಂಪುಟ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ತಿರುವಿ ಹಾಕುವಾಗ ನಮ್ಮ ಶಾಲೆ ಇರುವ ಊರಿನ ಹೆಸರಿನಲ್ಲಿಯೇ ಒಂದು ವೀರಗಲ್ಲಿನ ಪಾಠ ಕಣ್ಣಿಗೆ ಬಿತ್ತು. ದನಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತವನ ಕಲ್ಲು ಅದು. ದೇವಸ್ಥಾನದ ಮುಂದೆ ಇದೆ ಎಂದು ಬರೆದಿದೆ.

ದೇವಸ್ಥಾನ ಈಗ ಜೀರ್ಣೋದ್ಧಾರವಾಗಿ ಟೈಲ್ಸ್ ಹೊದ್ದು ನಿಂತಿದೆ. ಮುಂದೆಯೂ ಕಲ್ಲಿಲ್ಲ, ಹಿಂದೆಯೂ ಇಲ್ಲ. ಹಿರಿಯರನ್ನು ಕೇಳಿದರೆ ಒಬ್ಬರು ತಳಪಾಯಕ್ಕೆ ಹೋಯಿತು ಎನ್ನುತ್ತಾರೆ, ಇನ್ನೊಬ್ಬರು ಕೆರೆ ಏರಿಯ ಕಡೆ ಸಾಗಿಸಿದರು ಎನ್ನುತ್ತಾರೆ. ಆ ಸಂಪುಟದ ಪಠ್ಯದಲ್ಲಿ ‘ತುರು’ (ದನ) ಎಂದು ಟೈಪ್ ಮಾಡಿ ಹುಡುಕಿದರೆ ಒಂದು ಫಲಿತಾಂಶವೂ ಬರುವುದಿಲ್ಲ. ಪುಟದಲ್ಲಿ ಆ ಪದ ಕಣ್ಣಿಗೆ ಕಾಣುತ್ತಿದೆ!

ಈ ವಿಷಯವನ್ನು ಶಿಕ್ಷಕರ ಒಂದು ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, ‘ಇಂಟರ್ನೆಟ್ಟಿನಲ್ಲಿ ಓದಿದ್ದು ಇತಿಹಾಸವಲ್ಲ, ಮಾಹಿತಿ ಅಷ್ಟೇ’ ಎಂದರು. ಆ ಮಾತು ತಲೆಯಲ್ಲಿಯೇ ಉಳಿದಿದೆ. ನನಗೆ ಹತ್ತಿರದಲ್ಲಿ ಸಂಶೋಧನಾ ಗ್ರಂಥಾಲಯವಿಲ್ಲ. ಮೊಬೈಲ್ ಇದೆ, ಉತ್ಸಾಹವಿರುವ ಹತ್ತನೆಯ ತರಗತಿಯ ಮಕ್ಕಳಿದ್ದಾರೆ. ಇಷ್ಟನ್ನೇ ಇಟ್ಟುಕೊಂಡು ಕ್ರಮಬದ್ಧವಾಗಿ ಕೆಲಸ ಮಾಡಲು ಸಾಧ್ಯವೇ? ಕಲ್ಲನ್ನು ಹುಡುಕುವ ದಾರಿ ಯಾವುದು?

ಹುಲ್ಲೂರಿನ ಓದುಗ

ಸಾಧ್ಯ ಮೇಷ್ಟ್ರೇ. ಕಲ್ಲು ಹುಡುಕುವ ಮೊದಲು ಒಂದು ಕೆಲಸ ಮಾಡಿ. ರೈಸ್ ಅವರದು ಮೊದಲ ಮಾತು, ಕೊನೆಯ ಮಾತಲ್ಲ. ಆಮೇಲೆ ಪುರವಣಿ ಸಂಪುಟಗಳು ಬಂದವು. ಆರ್. ನರಸಿಂಹಾಚಾರ್ ಮತ್ತು ಎಂ.ಎಚ್. ಕೃಷ್ಣ ಅವರ ಕಾಲದ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ. ಹಲ್ಮಿಡಿ ಶಾಸನ ವಿದ್ವತ್ ಲೋಕಕ್ಕೆ ಗೊತ್ತಾಗಿದ್ದು 1936ರ ವರದಿಯಿಂದ. 1972ರಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತರುತ್ತಾ ಬಂದಿದೆ. ನಿಮ್ಮ ಊರಿನ ಹೆಸರು ಇವುಗಳಲ್ಲಿ ಮತ್ತೆ ಬಂದಿದೆಯೇ ನೋಡಿ. ನಡುವೆ ಯಾರಾದರೂ ಆ ಕಲ್ಲನ್ನು ಕಂಡು ‘ಈಗ ಇಂಥ ಕಡೆ ಇದೆ’ ಎಂದು ಬರೆದಿರಬಹುದು.

ಲಿಪಿಜ್ಞ_ಮೈಸೂರು

‘ತುರು’ ಏಕೆ ಸಿಗಲಿಲ್ಲ ಎನ್ನುವುದಕ್ಕೆ ಉತ್ತರ ನನ್ನ ಬಳಿ ಇದೆ. ಅಲ್ಲಿ ಇರುವುದು ‘ತುಱು’. ಶಕಟರೇಫದ ಱ. ‘ತುಱುವಂ ಮಗುೞ್ಚಿ’ ಎಂಬ ಮಾತು ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ದನಗಳನ್ನು ಹಿಂದಕ್ಕೆ ತಂದು ಎಂದು ಅರ್ಥ. ಅದರಲ್ಲಿ ಱ ಒಂದು, ೞ ಇನ್ನೊಂದು. ಇಂದಿನ ಕೀಲಿಮಣೆಯಲ್ಲಿ ಬಹಳ ಜನರಿಗೆ ಇವೆರಡೂ ಎಲ್ಲಿವೆ ಎಂದೇ ಗೊತ್ತಿಲ್ಲ.

ಮೇಲಾಗಿ ಅದು ಹಳೆಯ ಅಚ್ಚುಮೊಳೆಯ ಪುಸ್ತಕ. ಸ್ಕ್ಯಾನ್ ಮಾಡಿದ ಚಿತ್ರವನ್ನು ಅಕ್ಷರವಾಗಿ ಬದಲಾಯಿಸುವ ತಂತ್ರಾಂಶ ಇಂದಿನ ಮುದ್ರಣವನ್ನು ಚೆನ್ನಾಗಿ ಓದುತ್ತದೆ, ಅಲ್ಲಿ ಎಡವುತ್ತದೆ. ‘ಮ’ ಇದ್ದಲ್ಲಿ ‘ವು’, ‘ಷ’ ಇದ್ದಲ್ಲಿ ‘ಪ’, ಅನುಸ್ವಾರ ಇದ್ದಲ್ಲಿ ಸೊನ್ನೆ. ಒತ್ತಕ್ಷರಗಳ ಗತಿ ಕೇಳಲೇಬೇಡಿ. ಕೆಲವು ಸ್ಕ್ಯಾನ್‌ಗಳಲ್ಲಿ ಕನ್ನಡ ಪಾಠವನ್ನು ಓದಿಸಿಯೇ ಇಲ್ಲ, ರೋಮನ್ ಅಕ್ಷರದ ಭಾಗ ಮಾತ್ರ ಹುಡುಕಲು ಸಿಗುತ್ತದೆ.

ೞ ಅಕ್ಷರದ್ದಂತೂ ಬೇರೆಯೇ ಕಥೆ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಮೊದಲಿಗೇ ‘ಫ’ ಎಂಬ ತಪ್ಪು ಹೆಸರು ಬಿದ್ದುಬಿಟ್ಟಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ. ಸರಿಯಾದ ಹೆಸರನ್ನು ತಿದ್ದುಪಡಿಯೆಂದು ಪಕ್ಕದಲ್ಲಿ ಸೇರಿಸಿದ್ದಾರೆ. ಹಲ್ಮಿಡಿ ಶಾಸನದ ‘ಬಾಳ್ಗೞ್ಚು’ ಪದವನ್ನು ಒಬ್ಬರು ೞ ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಳ ಹಾಕಿರುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು.

ಹುಡುಕು ಪೆಟ್ಟಿಗೆ ‘ಇಲ್ಲ’ ಎಂದರೆ ‘ಇಲ್ಲ’ ಎಂದು ತಿಳಿಯಬೇಡಿ.

ನಿವೃತ್ತ_ಪ್ರಾಧ್ಯಾಪಕ

ಆ ಹಿರಿಯ ಶಿಕ್ಷಕರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಯಾರೂ ಸಿಟ್ಟಾಗಬೇಡಿ, ಪೂರ್ತಿ ಓದಿ.

ಹಿಂದೆ ಒಂದು ಪದಕ್ಕಾಗಿ ಇಡೀ ಸಂಪುಟ ಓದುತ್ತಿದ್ದೆವು. ‘ಸುಂಕ’ ಹುಡುಕುತ್ತಾ ಹೋದವನಿಗೆ ದಾರಿಯಲ್ಲಿ ಕೆರೆ, ಬಿತ್ತುವಟ್ಟ (ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿ), ದೇವದಾನ, ಸಾಕ್ಷಿಗಳ ಹೆಸರು ಎಲ್ಲವೂ ಎದುರಾಗುತ್ತಿದ್ದವು. ಒಂದು ಪ್ರದೇಶದ ಶಾಸನಗಳ ಭಾಷೆ ಮನಸ್ಸಿನಲ್ಲಿ ಕೂರುತ್ತಿತ್ತು. ಈಗ ವಿದ್ಯಾರ್ಥಿ ಪದವನ್ನು ಹುಡುಕುತ್ತಾನೆ, ಸಿಕ್ಕ ಸಾಲನ್ನು ಕತ್ತರಿಸುತ್ತಾನೆ, ಪ್ರಬಂಧಕ್ಕೆ ಅಂಟಿಸುತ್ತಾನೆ. ಅದರ ಹಿಂದಿನ ಸಾಲಿನಲ್ಲಿ ದಾನ ಕೊಟ್ಟವರು ಯಾರು, ಮುಂದಿನ ಸಾಲಿನಲ್ಲಿ ಷರತ್ತು ಏನು ಎಂಬುದು ಅವನಿಗೆ ಬೇಕಿಲ್ಲ. ನೂರು ವರ್ಷದ ಹಿಂದಿನ ಇಂಗ್ಲಿಷ್ ಅನುವಾದವನ್ನೇ ಶಾಸನವೆಂದು ಉದ್ಧರಿಸುವ ಪ್ರಬಂಧಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಕನ್ನಡದ ಮೂಲಪಾಠ ಅದೇ ಸಂಪುಟದಲ್ಲಿ ಇದೆ, ಪುಟ ತಿರುಗಿಸುವ ತಾಳ್ಮೆ ಬೇಡವೇ?

ರೈಸ್ ಮತ್ತು ಅವರ ಪಂಡಿತರು ಎತ್ತಿನ ಗಾಡಿಯ ಕಾಲದಲ್ಲಿ ಸಂಸ್ಥಾನವನ್ನೆಲ್ಲ ಸುತ್ತಿದರು. 1886ರಲ್ಲಿ ಕೊಡಗಿನ ಸಂಪುಟದಿಂದ ಹಿಡಿದು 1905ರ ಹೊತ್ತಿಗೆ ಹನ್ನೆರಡು ಸಂಪುಟ, ಸುಮಾರು ಒಂಬತ್ತು ಸಾವಿರ ಶಾಸನ. ಅವರು ನಡೆದ ನೆಲವನ್ನು ನಾವು ಕುರ್ಚಿಯಲ್ಲಿ ಕುಳಿತು ದಾಟುತ್ತಿದ್ದೇವೆ. ಇದು ನನಗೆ ನೋವು.

ರಾಯಚೂರಿನವಳು

ಸರ್, ನಿಮ್ಮ ಬಗ್ಗೆ ಗೌರವವಿದೆ. ಆದರೆ ಕುರ್ಚಿ ಎಲ್ಲರಿಗೂ ಇತ್ತೇ?

ನಾನು ಪಿಎಚ್.ಡಿ.ಗೆ ಸೇರಿದಾಗ ಮಗಳಿಗೆ ಎರಡು ವರ್ಷ. ಒಂದು ಹಳೆಯ ಸಂಪುಟ ನೋಡಲು ರಾಯಚೂರಿನಿಂದ ಧಾರವಾಡಕ್ಕೋ ಮೈಸೂರಿಗೋ ಹೋಗಬೇಕು, ಮಾರ್ಗದರ್ಶಕರ ಪತ್ರ ಒಯ್ಯಬೇಕು, ಉಳಿಯಲು ಸ್ಥಳ ಹುಡುಕಬೇಕು. ಹೋದ ಮೇಲೆ ‘ಆ ಪುಸ್ತಕ ಬೈಂಡಿಂಗಿಗೆ ಹೋಗಿದೆ’ ಎಂಬ ಉತ್ತರ ಬಂದರೆ ಮತ್ತೆ ಬಸ್ ಹತ್ತಬೇಕು. ಅದೇ ಸಂಪುಟವನ್ನು ಈಗ ಮಗಳು ಮಲಗಿದ ಮೇಲೆ ಮನೆಯಲ್ಲಿ ಓದುತ್ತೇನೆ. ಮುಖಪುಟದಿಂದ ಕೊನೆಯವರೆಗೆ ಓದುತ್ತೇನೆ, ಕತ್ತರಿಸಿ ಅಂಟಿಸುವುದಿಲ್ಲ.

ಇನ್ನೊಂದು ವಿಷಯ. ವಚನ ಸಂಚಯ ತಾಣದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಸಾವಿರಾರು ವಚನಗಳ ನಡುವಿನಿಂದ ತೋರಿಸುತ್ತದೆ. ‘ಕಾಯಕ’ ಎಂಬ ಪದವನ್ನು ಯಾರು ಹೆಚ್ಚು ಬಳಸುತ್ತಾರೆ, ಯಾರು ಬಳಸುವುದೇ ಇಲ್ಲ ಎಂಬ ಪ್ರಶ್ನೆ ನನಗೆ ಹುಟ್ಟಿದ್ದೇ ಆ ಪಟ್ಟಿ ನೋಡಿದಾಗ. ಮುದ್ರಿತ ಸಂಪುಟಗಳನ್ನು ಎಷ್ಟು ಸಲ ಓದಿದ್ದರೂ ಆ ಪ್ರಶ್ನೆ ಬಂದಿರಲಿಲ್ಲ. ಉತ್ತರಕ್ಕೆ ಮತ್ತೆ ವಚನಗಳನ್ನೇ ಓದಬೇಕು, ಪಾಠಾಂತರ ನೋಡಬೇಕು, ಅದು ನಿಜ. ಪ್ರಶ್ನೆಯನ್ನು ಕೊಟ್ಟದ್ದು ಯಂತ್ರ ಎಂಬ ಕಾರಣಕ್ಕೆ ಅದು ಕೀಳಲ್ಲ.

ನಿವೃತ್ತ_ಪ್ರಾಧ್ಯಾಪಕ

ರಾಯಚೂರಿನ ಸಹೋದರಿ ಹೇಳಿದ ಕಷ್ಟ ಸತ್ಯ. ನನ್ನ ಆಕ್ಷೇಪ ಸಾಧನದ ಮೇಲಲ್ಲ, ಅವಸರದ ಮೇಲೆ. ನಿಮ್ಮಂತೆ ಪೂರ್ತಿ ಓದುವವರು ಹತ್ತು ಜನ ಸಿಕ್ಕರೆ ನಾನು ಸುಮ್ಮನಾಗುತ್ತೇನೆ.

ಕೆರೆಏರಿ

ಸಿದ್ಧಾಂತ ಆಮೇಲೆ. ಮೇಷ್ಟ್ರಿಗೆ ಕಲ್ಲು ಬೇಕು.

ನಾನು ಕ್ಷೇತ್ರಕಾರ್ಯ ಮಾಡುವವನು. ನನ್ನ ಕ್ರಮ ಹೀಗಿದೆ. ಮೊದಲು ಊರಿನ ಕಂದಾಯ ನಕ್ಷೆಯನ್ನು ಭೂದಾಖಲೆ ಇಲಾಖೆಯ ತಾಣದಿಂದ ಇಳಿಸಿಕೊಳ್ಳಿ. ಅದರಲ್ಲಿ ಹಳೆಯ ಗ್ರಾಮಠಾಣಾ (ಮನೆಗಳಿದ್ದ ಜಾಗ), ಕೆರೆ, ಹಳ್ಳ, ಬಂಡಿ ದಾರಿ ಎಲ್ಲವೂ ಗುರುತಾಗಿರುತ್ತವೆ. ಆಮೇಲೆ ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ನಡೆಯಿರಿ, ನೀವು ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಹಳೆಯ ಊರು ಈಗಿನ ಊರಿನ ಜಾಗದಲ್ಲಿಯೇ ಇತ್ತು ಎಂಬ ಭರವಸೆ ಬೇಡ. ಪ್ಲೇಗ್ ಕಾಲದಲ್ಲಿ ಊರಿಗೆ ಊರೇ ಎದ್ದು ಪಕ್ಕಕ್ಕೆ ಹೋದದ್ದು ಎಷ್ಟೋ ಕಡೆ ಇದೆ. ಶಾಸನದಲ್ಲಿ ಬರುವ ಪಕ್ಕದ ಹಳ್ಳಿಯ ಹೆಸರು ಗೂಗಲ್ ನಕ್ಷೆಯಲ್ಲಿ ಇಲ್ಲವೆಂದರೆ ಬೇಚಿರಾಕ್ ಗ್ರಾಮಗಳ ಪಟ್ಟಿ ನೋಡಿ. ಜನವಸತಿ ಇಲ್ಲದಿದ್ದರೂ ಕಂದಾಯ ದಾಖಲೆಯಲ್ಲಿ ಆ ಊರು ಬದುಕಿಯೇ ಇರುತ್ತದೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಭಾರತದ ಹಳೆಯ ಭೂಪಟಗಳನ್ನು ಉಚಿತವಾಗಿ ಹಾಕಿದೆ, 1950ರ ದಶಕದವು. ಅವುಗಳಲ್ಲಿ ಈಗ ಮುಚ್ಚಿಹೋದ ಕೆರೆಗಳು ಸಿಗುತ್ತವೆ. ಅದನ್ನು ಗೂಗಲ್ ಅರ್ಥ್ ಮೇಲೆ ಹೊಂದಿಸಿ ನೋಡಿದರೆ ಹಳೆಯ ಏರಿ ಎಲ್ಲಿತ್ತು ಎಂದು ಅಂದಾಜು ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಕೊನೆಗೆ ದನ ಕಾಯುವವರನ್ನೇ ಕೇಳಿ. ‘ಶಾಸನ ಎಲ್ಲಿದೆ’ ಎಂದು ಕೇಳಬೇಡಿ. ‘ವೀರರ ಗುಡಿ ಇದೆಯೇ’, ‘ಬರಹದ ಕಲ್ಲು ಇದೆಯೇ’, ‘ಬಟ್ಟೆ ಒಗೆಯುವ ಕಲ್ಲಿನಲ್ಲಿ ಕುದುರೆ ಚಿತ್ರವಿದೆಯೇ’ ಎಂದು ಕೇಳಿ.

ಹುಲ್ಲೂರಿನ ಓದುಗ

ಕೊನೆಯ ಸಾಲಿಗೆ ನೂರು ಅಂಕ. ತೂಬಿನ ಕಲ್ಲುಗಳನ್ನೂ ನೋಡಿ, ಮಗುಚಿ ಹಾಕಿರುತ್ತಾರೆ.

ಹೊಸತಂತ್ರ

ನಾನು ಕೃತಕ ಬುದ್ಧಿಮತ್ತೆಗೆ ಸಂಪುಟದ ಹೆಸರು, ತಾಲ್ಲೂಕು, ಒಂದು ಶಾಸನ ಸಂಖ್ಯೆ ಕೊಟ್ಟು ಕೇಳಿದೆ. ತಕ್ಷಣ ಉತ್ತರ ಬಂತು. ಅದರ ಪ್ರಕಾರ ಅದು ವಿಜಯನಗರ ಕಾಲದ್ದು, ದೇವಾಲಯಕ್ಕೆ ಭೂಮಿ ಬಿಟ್ಟ ದಾನಶಾಸನ, ರಾಜನ ಹೆಸರೂ ಕೊಟ್ಟಿದೆ, ಹದಿನಾಲ್ಕು ಸಾಲಿನ ಅನುವಾದವನ್ನೂ ಕೊಟ್ಟಿದೆ. ಮೇಷ್ಟ್ರೇ, ನಿಮ್ಮದು ಇದೇ ಇರಬಹುದೇ?

ಕಲ್ಪತರುನಾಡು

ಆ ಸಂಖ್ಯೆಯ ಪುಟವನ್ನು ಈಗಷ್ಟೇ ತೆರೆದು ನೋಡಿದೆ ಸರ್. ಅಲ್ಲಿರುವುದು ಮೂರು ಸಾಲಿನ ವೀರಗಲ್ಲು, ಅರ್ಧ ತ್ರುಟಿತ. ಭೂದಾನವೂ ಇಲ್ಲ, ವಿಜಯನಗರವೂ ಇಲ್ಲ.

ಲಿಪಿಜ್ಞ_ಮೈಸೂರು

ಇದನ್ನು ಇಲ್ಲಿಯೇ ನಿಲ್ಲಿಸೋಣ. ಕೈ ಮುಗಿದು ಕೇಳುತ್ತೇನೆ. ಪುಟವನ್ನು ನೋಡದೆ ಆ ಯಂತ್ರ ಹದಿನಾಲ್ಕು ಸಾಲು ಹೆಣೆದಿದೆ. ಆ ಹದಿನಾಲ್ಕು ಸಾಲು ನಾಳೆ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ, ನಾಡಿದ್ದು ಗ್ರಾಮದ ಸ್ವಾಗತ ಫಲಕದ ಮೇಲೆ ಬರುತ್ತದೆ, ಆಮೇಲೆ ಅದನ್ನು ಅಳಿಸುವುದು ಯಾರಿಂದಲೂ ಆಗುವುದಿಲ್ಲ. ಓದಿದ ಪಠ್ಯವನ್ನು ಜೋಡಿಸಲು, ಪಟ್ಟಿ ಮಾಡಲು, ಹೆಸರುಗಳನ್ನು ಬೇರ್ಪಡಿಸಲು ಅದನ್ನು ಬಳಸಿ, ಬೇಡ ಎನ್ನುವುದಿಲ್ಲ. ಶಾಸನವನ್ನು ಅದರ ಬಾಯಿಂದ ಕೇಳಬೇಡಿ.

ಹೊಸತಂತ್ರ

ಆದರೆ ಅಕ್ಷರ ಗುರುತಿಸಲು ಯಂತ್ರಕ್ಕೆ ಕಲಿಸಬಹುದಲ್ಲವೇ? ಎಲ್ಲ ಕಾಲದ ಕನ್ನಡ ಅಕ್ಷರಗಳ ಚಿತ್ರ ಕೊಟ್ಟರೆ ಅದು ಓದದೇ ಇರುತ್ತದೆಯೇ?

ಲಿಪಿಜ್ಞ_ಮೈಸೂರು

ಅದು ಸರಿಯಾದ ಪ್ರಶ್ನೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಲ್ಲಿ ಆರಂಭಿಸಿದ ಬೆಂಗಳೂರು ಶಾಸನಗಳ ತ್ರಿ-ಆಯಾಮ ಡಿಜಿಟಲ್ ಸಂರಕ್ಷಣೆಯ ಕೆಲಸದಲ್ಲಿ ‘ಅಕ್ಷರ ಭಂಡಾರ’ ಎಂದು ಒಂದು ಸಂಗ್ರಹ ಮಾಡಿದ್ದಾರೆ. ಕಲ್ಲಿನಿಂದಲೇ ಎತ್ತಿದ ಒಂದೊಂದು ಅಕ್ಷರದ ಚಿತ್ರ. ಗಂಗರ ಕಾಲದ ‘ಕ’ ಹೇಗಿತ್ತು, ಚೋಳರ ಕಾಲದ್ದು ಹೇಗಿತ್ತು ಎಂದು ಕಲಿಯುವವರಿಗೆ ಇದು ದೊಡ್ಡ ಉಪಕಾರ. ಯಂತ್ರಕ್ಕೆ ಕಲಿಸುವುದಾದರೆ ಆಧಾರ ಇಂಥದ್ದೇ ಆಗಬೇಕು. ಮನುಷ್ಯರು ಕಲ್ಲಿನ ಮುಂದೆ ಕುಳಿತು ಓದಿ ಖಚಿತಪಡಿಸಿದ ಅಕ್ಷರ.

ಹೆಬ್ಬಾಳ_ನಿವಾಸಿ

ಸ್ಕ್ಯಾನ್ ವಿಷಯ ಬಂದದ್ದು ಒಳ್ಳೆಯದಾಯಿತು. ನಮ್ಮ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಚರಂಡಿ ಕೆಲಸದ ವೇಳೆ ಹೊರಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಆ ಹೊತ್ತಿಗೆ ಅಲ್ಲಿ ಯಾರಾದರೂ ಗಮನಿಸದಿದ್ದರೆ ಅದು ಜಲ್ಲಿಯ ಜೊತೆ ಹೋಗಿಬಿಡುತ್ತಿತ್ತು. ಅದನ್ನು ತ್ರಿ-ಆಯಾಮದಲ್ಲಿ ಸ್ಕ್ಯಾನ್ ಮಾಡಲಾಗಿದೆ.

ಹಿಂದೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬಿರುಗೂದಲಿನ ಬ್ರಶ್‌ನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕಾಗದ ಇಳಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಈಗಲೂ ತೆಗೆಯುತ್ತಾರೆ. ಅದು ಒಂದು ನೋಟ ಕೊಡುತ್ತದೆ. ಸ್ಕ್ಯಾನ್ ಮಾಡಿದ ಮಾದರಿಯಲ್ಲಿ ಪರದೆಯ ಮೇಲೆಯೇ ಬೆಳಕನ್ನು ಎಡದಿಂದ, ಬಲದಿಂದ, ಕೆಳಗಿನಿಂದ ಹಾಯಿಸಬಹುದು. ಎಡದ ಬೆಳಕಿಗೆ ಸಮತಟ್ಟಾಗಿ ಕಂಡ ಜಾಗದಲ್ಲಿ ಕೆಳಗಿನ ಬೆಳಕಿಗೆ ಒಂದು ಕೊಂಬು ಎದ್ದು ಕಾಣುತ್ತದೆ, ‘ನ’ ಎಂದುಕೊಂಡದ್ದು ‘ನು’ ಆಗುತ್ತದೆ. ಕಲ್ಲಿಗೆ ಕೈ ತಾಗಿಸುವುದೇ ಬೇಡ.

ಕೆರೆಏರಿ

ಹಳ್ಳಿಯಲ್ಲಿ ಸ್ಕ್ಯಾನರ್ ಎಲ್ಲಿಂದ ತರೋಣ? ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಮಗ್ಗುಲಿನಿಂದ ಓರೆಯಾಗಿ ಹಿಡಿದು, ಮೊಬೈಲನ್ನು ಅಲುಗಾಡದಂತೆ ನಿಲ್ಲಿಸಿ ನಾಲ್ಕು ದಿಕ್ಕಿನ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಕಾಸು ಖರ್ಚಿಲ್ಲ. ಸುಣ್ಣ, ಸೀಮೆಸುಣ್ಣ, ಹಿಟ್ಟು ಬಳಿಯಬೇಡಿ. ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳಿಕೊಡಿ ಮೇಷ್ಟ್ರೇ.

ಬೇಗೂರು_ಭಕ್ತ

ಬೇಗೂರಿನ ಶಾಸನದಲ್ಲಿಯೇ ಬೆಂಗಳೂರಿನ ಹೆಸರಿದೆ, ಸುಮಾರು 890ರದ್ದು, ಅದನ್ನೂ ಎಲ್ಲರೂ ಬಂದು ನೋಡಿ. ಕೆಂಪೇಗೌಡರು ಪೇಟೆ ಕಟ್ಟಿಸುವುದಕ್ಕಿಂತ ಎಷ್ಟೋ ಶತಮಾನ ಮೊದಲೇ ಆ ಹೆಸರು ಕಲ್ಲಿನ ಮೇಲೆ ಇತ್ತು. ಬೆಂದಕಾಳೂರಿನ ಕಥೆಯನ್ನೇ ಇನ್ನೂ ಶಾಲೆಗಳಲ್ಲಿ ಹೇಳುತ್ತಿದ್ದಾರೆ.

ರಾಯಚೂರಿನವಳು

ಕಥೆಯನ್ನೂ ಹೇಳಲಿ, ಶಾಸನವನ್ನೂ ತೋರಿಸಲಿ. ಜನ ಒಂದು ಕಥೆಯನ್ನು ಏಕೆ ಹೇಳಿಕೊಂಡು ಬಂದರು ಎನ್ನುವುದೂ ಇತಿಹಾಸವೇ.

ಮಲೆನಾಡು_ವೀಕ್ಷಕ

ಶಾಸನ ಹುಡುಕುವ ಉತ್ಸಾಹಿಗಳು ಈಗ ಸ್ಥಳದ ಅಕ್ಷಾಂಶ ರೇಖಾಂಶ ಹಾಕಿ, ನಕ್ಷೆ ಮಾಡಿ ಹಂಚುತ್ತಾರೆ. ನನಗೆ ಇದರಲ್ಲಿ ಭಯವಿದೆ. ನಮ್ಮ ಕಡೆ ಕಾಡಿನಂಚಿನ ಒಂದು ಪಾಳು ಗುಡಿಯ ಫೋಟೊವನ್ನು ಯಾರೋ ಉತ್ಸಾಹಿಗಳು ನಿಖರ ಸ್ಥಳದ ಸಮೇತ ಹಾಕಿದರು. ಮಳೆಗಾಲ ಕಳೆಯುವಷ್ಟರಲ್ಲಿ ಗರ್ಭಗುಡಿ ಅಗೆದಿದ್ದರು, ಶಾಸನದ ಕಲ್ಲು ಎರಡು ಹೋಳು. ಶಾಸನದಲ್ಲಿ ನಿಧಿಯ ಗುಟ್ಟು ಇದೆ ಎಂದು ನಂಬುವ ಜನ ಇನ್ನೂ ಇದ್ದಾರೆ. ಅವರ ಕೈಗೂ ಮೊಬೈಲ್ ಬಂದಿದೆ.

ಹೆಬ್ಬಾಳ_ನಿವಾಸಿ

ನಗರದಲ್ಲಿ ನಮ್ಮ ಅನುಭವ ಇದಕ್ಕೆ ತದ್ವಿರುದ್ಧ. ಇಲ್ಲಿ ಕಲ್ಲು ನಾಶವಾಗುವುದು ಅದು ಗುಟ್ಟಾಗಿ ಉಳಿದದ್ದರಿಂದಲೇ. ಯಾರಿಗೂ ಗೊತ್ತಿಲ್ಲದ ಕಲ್ಲನ್ನು ರಸ್ತೆ ಅಗಲ ಮಾಡುವವರು ಒಂದು ಬೆಳಗ್ಗೆ ಎತ್ತಿ ಹಾಕಿಬಿಡುತ್ತಾರೆ. ಸ್ಥಳ ಎಲ್ಲರಿಗೂ ಗೊತ್ತಿದ್ದರೆ ಅಕ್ಕಪಕ್ಕದವರು ಬಂದು ಅಡ್ಡ ನಿಲ್ಲುತ್ತಾರೆ. ಊರಿನ ಹೆಸರಂತೂ ರೈಸ್ ಕಾಲದಿಂದಲೇ ಮುದ್ರಣದಲ್ಲಿದೆ, ಮುಚ್ಚಿಟ್ಟು ಏನು ಫಲ?

ಮಲೆನಾಡು_ವೀಕ್ಷಕ

ಊರಿನ ಹೆಸರು ಬೇರೆ, ಹತ್ತು ಅಡಿಯ ಒಳಗೆ ತಂದು ನಿಲ್ಲಿಸುವ ಗುರುತು ಬೇರೆ. ನಿಮ್ಮಲ್ಲಿ ಕಲ್ಲಿನ ಮುಂದೆ ದಿನವೂ ಸಾವಿರ ಜನ ಓಡಾಡುತ್ತಾರೆ. ನಮ್ಮಲ್ಲಿ ವಾರಕ್ಕೆ ಒಬ್ಬ ಸೊಪ್ಪು ತರುವವನು ಹೋದರೆ ಹೆಚ್ಚು. ಜನವಸತಿ ಇರುವ ಕಡೆ ನಿಖರ ಸ್ಥಳ ಹಾಕಿ, ಕಾಡು ಮತ್ತು ಪಾಳು ಜಾಗಗಳಲ್ಲಿ ಗ್ರಾಮದ ಹೆಸರು ಮಾತ್ರ ಸಾಕು. ಪೂರ್ಣ ವಿವರ ಇಲಾಖೆಗೆ ಕೊಡಿ. ಇದಕ್ಕಿಂತ ಹೆಚ್ಚು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ನಿವೃತ್ತ_ಪ್ರಾಧ್ಯಾಪಕ

ಮಲೆನಾಡಿನವರ ಮಾತೇ ಸರಿ. ಫೋಟೊ ಹಾಕುವಾಗ ಅದರೊಳಗೆ ಸ್ಥಳದ ಗುರುತು ತಾನಾಗಿಯೇ ಸೇರಿಕೊಂಡಿರುತ್ತದೆ ಎಂದು ನನ್ನ ಮೊಮ್ಮಗ ಹೇಳಿದ. ಅದನ್ನೂ ತೆಗೆದು ಹಾಕಿ.

ತಿಥಿವಾರ

ಕಾಲನಿರ್ಣಯದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ಡಿಜಿಟಲ್ ಸಾಧನದಿಂದ ನಿಜವಾಗಿ ಬದಲಾದ ಕೆಲಸ ಇದು. ಮೊದಲು ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಹರಡಿಕೊಂಡು ಲೆಕ್ಕ ಹಾಕಬೇಕಿತ್ತು. ಈಗ ಶಕವರ್ಷ, ಮಾಸ, ತಿಥಿ ಕೊಟ್ಟರೆ ತಾರೀಖು ಕೊಡುವ ಪಂಚಾಂಗ ತಂತ್ರಾಂಶಗಳಿವೆ. ಗ್ರಹಣಗಳಿಗೆ ನಾಸಾದ ಪಟ್ಟಿ ಇದೆ, ಸಾವಿರಾರು ವರ್ಷಗಳದ್ದು. ‘ಸೂರ್ಯಗ್ರಹಣದಂದು ಧಾರಾಪೂರ್ವಕವಾಗಿ ಕೊಟ್ಟ’ ದಾನ ಎಂದಿದ್ದರೆ ಆ ದಿನ ಗ್ರಹಣ ಇತ್ತೇ ಎಂದು ಕೂಡಲೇ ನೋಡಬಹುದು. ಇಲ್ಲದಿದ್ದರೆ ಪಾಠ ತಪ್ಪಿರಬಹುದು, ಅಥವಾ ಶಾಸನವೇ ಕೂಟಶಾಸನ (ನಕಲಿ) ಇರಬಹುದು.

ಆದರೆ ಕಣ್ಣು ಮುಚ್ಚಿ ನಂಬುವಂತಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನ ತೆಗೆದುಕೊಳ್ಳಿ. ಅವನ ಅಣ್ಣ, ಚಾಲುಕ್ಯ ರಾಜ ಒಂದನೆಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕವರ್ಷ ಐನೂರು, ಕಾರ್ತಿಕ ಹುಣ್ಣಿಮೆ ಎಂದಿದೆ. ಅಲ್ಲಿ ‘ಅತಿಕ್ರಾಂತೇಷು’ ಎಂದು ಸ್ಪಷ್ಟವಾಗಿ ಬರೆದಿದ್ದಾರೆ, ಐನೂರು ವರ್ಷ ಕಳೆದ ಮೇಲೆ ಎಂದು. ಐನೂರಕ್ಕೆ 78 ಸೇರಿಸಿದರೆ 578. ಆ ವರ್ಷದ ಕಾರ್ತಿಕ ಹುಣ್ಣಿಮೆ ಅಕ್ಟೋಬರ್ ಕೊನೆ, ನವೆಂಬರ್ ಆರಂಭದ ಹೊತ್ತಿಗೆ ಬೀಳುತ್ತದೆ. ತಂತ್ರಾಂಶದಲ್ಲಿ ‘ಕಳೆದ ವರ್ಷ’ ಎನ್ನುವ ಬದಲು ‘ನಡೆಯುತ್ತಿರುವ ವರ್ಷ’ ಎಂದು ಗುಂಡಿ ಒತ್ತಿದರೆ 577 ಬರುತ್ತದೆ, ಒಂದನೆಯ ಕೀರ್ತಿವರ್ಮ ಪಟ್ಟಕ್ಕೆ ಬಂದ ವರ್ಷವೂ ಅದರ ಹಿಂದೆಯೇ ಒಂದು ವರ್ಷ ಜಾರುತ್ತದೆ. ಒಂದು ಗುಂಡಿಯಿಂದ ರಾಜವಂಶದ ಕಾಲಗಣನೆ ಅಲುಗಾಡುತ್ತದೆ. ಶಾಸನ ಓದಿದವನಿಗೆ ಮಾತ್ರ ಯಾವ ಗುಂಡಿ ಎಂದು ಗೊತ್ತಿರುತ್ತದೆ.

ಹುಲ್ಲೂರಿನ ಓದುಗ

ವಾರ ಹೊಂದದ ಶಾಸನಗಳನ್ನು ಏನು ಮಾಡುತ್ತೀರಿ? ತಿಥಿ ಸರಿ, ವಾರ ತಪ್ಪು, ಇಂಥವು ಬೇಕಾದಷ್ಟಿವೆ.

ತಿಥಿವಾರ

ಇವೆ. ತಿಥಿ ಒಂದು ದಿನದ ಯಾವುದೋ ಹೊತ್ತಿನಲ್ಲಿ ಆರಂಭವಾಗಿ ಸಾಮಾನ್ಯವಾಗಿ ಮರುದಿನ ಮುಗಿಯುತ್ತದೆ, ಬರೆದವನು ಯಾವ ದಿನ ಹಿಡಿದ ಎಂಬುದು ಒಂದು. ಸಂವತ್ಸರದ ಹೆಸರಿಗೂ ಶಕವರ್ಷಕ್ಕೂ ತಾಳೆಯಾಗದಿರುವುದು ಇನ್ನೊಂದು. ಇಂಥ ಕಡೆ ನಾನು ಸಂವತ್ಸರದ ಹೆಸರನ್ನು ಹೆಚ್ಚು ನಂಬುತ್ತೇನೆ, ಊರಿನವರ ಬಾಯಲ್ಲಿ ಇದ್ದದ್ದು ಅದೇ. ನನ್ನೊಂದಿಗೆ ಜಗಳಕ್ಕೆ ಬರುವವರಿದ್ದಾರೆ, ಬರಲಿ.

ಜರ್ಮನಿ_ಕನ್ನಡಿಗ

ನಾನು ಇತಿಹಾಸಕಾರನಲ್ಲ, ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಊರು ಪುತ್ತೂರಿನ ಹತ್ತಿರ. ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಗುಂಡರ್ಟ್ ಅವರ ಹೆಸರಿನ ತಾಣದಲ್ಲಿ ಮಲಯಾಳಂ ಜೊತೆಗೆ ಹಳೆಯ ಕನ್ನಡ, ತುಳು ಮುದ್ರಣಗಳನ್ನೂ ಇಟ್ಟಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ದಾಖಲಾಗಾರ ತನ್ನ ಹಳೆಯ ಫೋಟೊಗಳನ್ನು ಅಂತರ್ಜಾಲದಲ್ಲಿ ಹಾಕಿದೆ. ಮಂಗಳೂರಿನ ಹೆಂಚಿನ ಕಾರ್ಖಾನೆ, ಧಾರವಾಡ, ಕೊಡಗು. 1843ರಲ್ಲಿ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಆ ಮುದ್ರಣಾಲಯದ ಸುತ್ತಲಿನ ಜನ ಹೇಗಿದ್ದರು, ಏನು ಉಡುತ್ತಿದ್ದರು ಎಂದು ಆ ಫೋಟೊಗಳಲ್ಲಿ ಕಾಣುತ್ತದೆ.

ಒಂದು ವಿಷಯ ಕಾಡುತ್ತದೆ. ಫೋಟೊ ತೆಗೆದವರ ಹೆಸರು ಸಿಗುತ್ತದೆ. ನಿಂತ ಕೂಲಿಯಾಳುಗಳ ಹೆಸರು ಬರೆದಿರುವುದು ತೀರಾ ವಿರಳ. ನಮ್ಮ ಕಡೆಯ ಹಿರಿಯರಿಗೆ ಈ ಚಿತ್ರಗಳನ್ನು ತೋರಿಸಿ, ‘ಇದು ಯಾವ ಜಾಗ, ಇವರು ಯಾವ ಮನೆಯವರು’ ಎಂದು ಕೇಳಿ ಬರೆದುಕೊಳ್ಳಬೇಕು. ಇನ್ನು ಹತ್ತು ವರ್ಷ ಬಿಟ್ಟರೆ ಹೇಳುವವರು ಇರುವುದಿಲ್ಲ.

ರಾಯಚೂರಿನವಳು

ನಿಮ್ಮ ಬರಹವನ್ನು ಎರಡು ಸಲ ಓದಿದೆ. ಹೆಸರಿಲ್ಲದವರಿಗೆ ಹೆಸರು ಕೊಡುವ ಕೆಲಸವನ್ನು ದಯವಿಟ್ಟು ಆರಂಭಿಸಿ. ನಾನು ಜೊತೆಗಿದ್ದೇನೆ.

ದೇಸಾಯಿವಾಡೆ

ಸ್ವಲ್ಪ ವಿಷಯಾಂತರ, ಕ್ಷಮಿಸಿ. ಬಾಗಲಕೋಟೆ ಕಡೆಯ ನಮ್ಮ ಹಳೆಯ ಮನೆಯಲ್ಲಿ ಪೆಟ್ಟಿಗೆ ತುಂಬ ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಕಾಗದಗಳಿವೆ, ಒಂದೆರಡು ಕಡತಗಳೂ ಇವೆ. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಯಾರಾದರೂ ಓದಿಕೊಡುತ್ತಾರೆಯೇ? ಕಾಗದ ಪುಡಿಯಾಗುತ್ತಿದೆ, ಲ್ಯಾಮಿನೇಷನ್ ಮಾಡಿಸಲೇ?

ಲಿಪಿಜ್ಞ_ಮೈಸೂರು

ಲ್ಯಾಮಿನೇಷನ್ ಖಂಡಿತ ಬೇಡ! ಒಮ್ಮೆ ಮಾಡಿಸಿದರೆ ಕಾಗದವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಮಡಿಕೆಗಳನ್ನು ಬಲವಂತವಾಗಿ ಬಿಡಿಸಬೇಡಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಯಾವ ಕಾಗದ ಯಾವ ಕಟ್ಟಿನಲ್ಲಿತ್ತು, ಯಾವುದರ ಕೆಳಗಿತ್ತು ಎಂದು ಬರೆದುಕೊಳ್ಳಿ. ಆ ಕ್ರಮವೇ ಅರ್ಧ ಮಾಹಿತಿ. ಕಟ್ಟು ಬಿಚ್ಚಿ ಕಲಸಿಹೋದರೆ ಎಷ್ಟು ಸ್ಪಷ್ಟ ಸ್ಕ್ಯಾನ್ ಇದ್ದರೂ ಅದನ್ನು ಮರಳಿ ಪಡೆಯಲಾಗದು. ಮೋಡಿ ಓದುವವರು ಧಾರವಾಡ, ಬೆಳಗಾವಿ ಕಡೆ ಇದ್ದಾರೆ, ಖಾಸಗಿಯಾಗಿ ಸಂದೇಶ ಕಳುಹಿಸಿ, ತಿಳಿಸುತ್ತೇನೆ.

ಹೊಸತಂತ್ರ

ಕೈಬರಹ ಓದಲು ಕಲಿಯುವ ತಂತ್ರಾಂಶಗಳು ಬಂದಿವೆ. ಮೊದಲು ಸಾಕಷ್ಟು ಪುಟಗಳನ್ನು ಓದಬಲ್ಲವರು ಓದಿ, ಸಾಲಿಗೆ ಸಾಲು ಹೊಂದಿಸಿ ಕೊಡಬೇಕು. ದೇಸಾಯರ ಪೆಟ್ಟಿಗೆ ಆ ಕೆಲಸಕ್ಕೆ ಒಳ್ಳೆಯ ಆರಂಭವಾಗಬಹುದು.

ಕಲ್ಪತರುನಾಡು

ಕೆರೆಏರಿ ಸರ್ ಹೇಳಿದಂತೆ ಕಂದಾಯ ನಕ್ಷೆ ಇಳಿಸಿಕೊಂಡು ಭಾನುವಾರ ಮಕ್ಕಳೊಂದಿಗೆ ಹೋಗಿದ್ದೆ. ಹಳೆಯ ಗ್ರಾಮಠಾಣಾ ಈಗಿನ ಊರಿನ ಪೂರ್ವಕ್ಕಿದೆ, ಈಗ ಅಲ್ಲಿ ರಾಗಿ ಹೊಲ. ಹೊಲದ ಬದುವಿನಲ್ಲಿ ಮಡಕೆ ಚೂರುಗಳು. ತೂಬಿನ ಬಳಿ ಒಂದು ಕಲ್ಲು ಮಗುಚಿ ಬಿದ್ದಿದೆ, ಅಂಚಿನಲ್ಲಿ ಬಿಲ್ಲು ಹಿಡಿದ ಕೈ ಮಾತ್ರ ಕಾಣುತ್ತದೆ. ನಮ್ಮ ಶಾಲೆಯ ಹುಡುಗಿಯೊಬ್ಬಳು ಮೊದಲು ಗುರುತಿಸಿದಳು. ಅವಳ ಅಜ್ಜಿ ದೀಪಾವಳಿಗೆ ಆ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದರಂತೆ. ಪಂಚಾಯಿತಿಯವರು ಜೆಸಿಬಿ ಕಳುಹಿಸುತ್ತೇವೆ ಎನ್ನುತ್ತಿದ್ದಾರೆ.

ಕೆರೆಏರಿ

ಜೆಸಿಬಿ ಬೇಡ, ಬೇಡ, ಬೇಡ. ಅದರ ಹಲ್ಲು ತಾಗಿದರೆ ಅಕ್ಷರ ಹೋಗುತ್ತದೆ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಇವತ್ತೇ ಫೋಟೊ ಸಮೇತ ಬರೆಯಿರಿ, ಪ್ರತಿಯನ್ನು ತಹಶೀಲ್ದಾರರಿಗೆ ಕೊಡಿ. ಅವರು ಬಂದ ಮೇಲೆ ಹಗ್ಗ, ಮರದ ಹಾರೆ ಹಾಕಿ ಜನರೇ ಎತ್ತಬಹುದು. ಅಲ್ಲಿಯವರೆಗೆ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿ.

ನಿವೃತ್ತ_ಪ್ರಾಧ್ಯಾಪಕ

ಅದು ರೈಸ್ ನೋಡಿದ ಕಲ್ಲೇ ಎಂದು ಈಗಲೇ ಘೋಷಿಸಬೇಡಿ. ಸಂಪುಟದಲ್ಲಿ ಅಳತೆ ಕೊಟ್ಟಿದ್ದರೆ ಹೋಲಿಸಿ, ಎತ್ತಿದ ಮೇಲೆ ಸಾಲುಗಳನ್ನು ಹೋಲಿಸಿ. ಅಚ್ಚಾಗದ ಹೊಸ ಶಾಸನವೂ ಆಗಿರಬಹುದು. ಆ ಅಜ್ಜಿಯ ಮಾತನ್ನು ಮಾತ್ರ ಇವತ್ತೇ ಧ್ವನಿಮುದ್ರಣ ಮಾಡಿಕೊಳ್ಳಿ. ಯಾವಾಗಿನಿಂದ ಎಣ್ಣೆ ಹಚ್ಚುತ್ತಿದ್ದರು, ಏಕೆ ನಿಲ್ಲಿಸಿದರು, ಕಲ್ಲಿಗೆ ಏನೆಂದು ಕರೆಯುತ್ತಿದ್ದರು. ಇದನ್ನು ಯಾವ ಸಂಪುಟವೂ ಬರೆದಿಲ್ಲ. ನಿಮ್ಮ ಶಾಲೆಗೆ ಒಂದು ದಿನ ಬರಲು ನನಗೆ ಸಂತೋಷ, ಮಕ್ಕಳಿಗೆ ಹಳಗನ್ನಡ ಅಕ್ಷರ ಹೇಳಿಕೊಡುತ್ತೇನೆ.

ರಾಯಚೂರಿನವಳು

ಸರ್ ಹೊರಟರು! ನಮ್ಮ ಜಿಲ್ಲೆಗೂ ಬನ್ನಿ. ಮಸ್ಕಿಯ ಅಶೋಕನ ಶಾಸನ ನೋಡಲು ಕರೆದುಕೊಂಡು ಹೋಗುತ್ತೇನೆ.

ಹುಲ್ಲೂರಿನ ಓದುಗ

ಇಷ್ಟು ಜನ ಸೇರಿದ್ದೇವೆ, ಒಂದು ಕೆಲಸ ಹಂಚಿಕೊಳ್ಳೋಣ. 12ನೆಯ ಸಂಪುಟದ ಕನ್ನಡ ಪಾಠವನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಟೈಪ್ ಮಾಡಿ ತಿದ್ದೋಣ. ಹಕ್ಕುಸ್ವಾಮ್ಯದ ತೊಂದರೆ ಇಲ್ಲ, ಅಷ್ಟು ಹಳೆಯದು. ಮೇಷ್ಟ್ರ ತಾಲ್ಲೂಕಿನಿಂದ ಆರಂಭಿಸೋಣ. ಒಬ್ಬರು ಟೈಪ್ ಮಾಡಿದ್ದನ್ನು ಇನ್ನೊಬ್ಬರು ಪುಟದ ಚಿತ್ರ ಎದುರಿಗಿಟ್ಟುಕೊಂಡು ನೋಡಬೇಕು.

ಜರ್ಮನಿ_ಕನ್ನಡಿಗ

ನನ್ನನ್ನು ಸೇರಿಸಿಕೊಳ್ಳಿ. ವಾರಾಂತ್ಯದಲ್ಲಿ ಸಮಯವಿದೆ. ಱ ಮತ್ತು ೞ ಟೈಪ್ ಮಾಡುವುದು ಹೇಗೆ ಎಂದು ಯಾರಾದರೂ ಒಂದು ಟಿಪ್ಪಣಿ ಹಾಕಿ.

ಲಿಪಿಜ್ಞ_ಮೈಸೂರು

ಟಿಪ್ಪಣಿ ನಾಳೆ ಹಾಕುತ್ತೇನೆ. ಒಂದು ನಿಯಮ ಈಗಲೇ ಹೇಳಿಬಿಡುತ್ತೇನೆ. ಮುದ್ರಣದಲ್ಲಿ ತಪ್ಪು ಎಂದು ಅನ್ನಿಸಿದರೂ ಮುದ್ರಿತ ಪಾಠವನ್ನು ಇದ್ದಂತೆಯೇ ಟೈಪ್ ಮಾಡಿ. ತಿದ್ದುಪಡಿಯ ಸಲಹೆ ಪ್ರತ್ಯೇಕವಾಗಿ ಚರ್ಚೆಯ ಪುಟದಲ್ಲಿ ಇರಲಿ. ತ್ರುಟಿತ ಭಾಗದ ಚುಕ್ಕಿಗಳನ್ನು ಬಿಡಬೇಡಿ.

ತಿಥಿವಾರ

ತಾರೀಖು ಇರುವ ಶಾಸನಗಳ ಪಟ್ಟಿ ನನಗೆ ಕಳುಹಿಸಿ, ಲೆಕ್ಕ ಹಾಕಿ ಕೊಡುತ್ತೇನೆ. ಕಳೆದ ವರ್ಷ, ನಡೆಯುತ್ತಿರುವ ವರ್ಷ ಎರಡೂ ಲೆಕ್ಕವನ್ನು ಪಕ್ಕಪಕ್ಕದಲ್ಲಿ ಇಡುತ್ತೇನೆ.

ಕಲ್ಪತರುನಾಡು

ನಮ್ಮ ಶಾಲೆಯ ಕಂಪ್ಯೂಟರ್‌ನಲ್ಲಿ ಹಳೆಯ ನುಡಿ ಅಕ್ಷರಶೈಲಿ ಮಾತ್ರ ಇದೆ. ಅದರಲ್ಲಿ ಟೈಪ್ ಮಾಡಿದರೆ ನಡೆಯುತ್ತದೆಯೇ?

ಲಿಪಿಜ್ಞ_ಮೈಸೂರು

ಹಳೆಯ ನುಡಿಯ ಫೈಲ್ ಬೇರೆಯವರ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಹುಡುಕಲೂ ಆಗದು. ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿಸಿ. ಈಗಾಗಲೇ ಮಾಡಿಟ್ಟದ್ದು ಇದ್ದರೆ ಕಳುಹಿಸಿ, ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ ವಾಪಸ್ ಕೊಡುತ್ತೇನೆ.